ಹಾಡಹಗಲಿನ ಅರುಂಧತಿ

ನನ್ನ ಸೋದರಮಾವನಷ್ಟು ಪ್ರಾಮಾಣಿಕನಾದ ಮನುಷ್ಯನನ್ನು ನಾನು ಕಂಡಿಲ್ಲ. ಅಂಥ ಪ್ರಾಮಾಣಿಕನನ್ನು ದೇವರು ಯಾರ ಮನೆಗೂ ಕೊಡದಿರಲಿ! ಸುಳ್ಳು ಹೇಳುವವರಿಂದ ಹಾಳಾದ ಮನೆಗಳ ಕತೆಯನ್ನು ನೀವೆಲ್ಲ ಕೇಳಿರುತ್ತೀರಿ. ಖರೆ ಹೇಳುವವನೊಬ್ಬ ಹಂದರದ ಕೆಳಗೆ, ಊರವರೆಲ್ಲ ನೋಡುತ್ತಿರುವಾಗ ಒಂದು ಮದುವೆಯನ್ನು ಹೇಗೆ ಅರ್ಧಕ್ಕೆ ನಿಲ್ಲಿಸಬಲ್ಲ ಎಂಬುದನ್ನು ನನ್ನಿಂದ ಕೇಳಿ. ಆ ಮದುವೆ ನನ್ನದು. ತಲೆ ಬೆಳ್ಳಗಾದರೂ ಸಿಟ್ಟು ಇಳಿದಿಲ್ಲ. ಮಾವನನ್ನು ಅವನು ಇವನು ಎನ್ನುತ್ತಾಳಲ್ಲ ಎಂದು ಮೂಗು ಮುರಿಯಬೇಡಿ. ಅವರು ಎನ್ನುವಷ್ಟು ತಾಳ್ಮೆ ನನಗಿನ್ನೂ ಬಂದಿಲ್ಲ.

ನಾವು ಮುಧೋಳದವರು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಅವ್ವನಿಗೆ ತಮ್ಮನೇ ದಿಕ್ಕು. ಅವನು ಜಮಖಂಡಿಯಲ್ಲಿ ಸಂಸ್ಥಾನದ ಮೋಜಣಿದಾರ, ಅಂದರೆ ಹೊಲ ಅಳೆಯುವವನು. ನಾನು ತೊಟ್ಟಿಲಲ್ಲಿದ್ದಾಗ ಅವನ ಮದುವೆಯಾಯಿತಂತೆ. ನಾನು ತೊಟ್ಟಿಲು ಬಿಡುವಷ್ಟರಲ್ಲಿ ಆ ಹುಡುಗಿ ತೀರಿಯೂ ಹೋದಳಂತೆ. ಮನೆಯಲ್ಲಿ ಆಕೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಮತ್ತೆ ಮದುವೆಯಾಗು ಎಂದು ಬೆನ್ನು ಹತ್ತಿದವರಿಗೆ ಮಾವ ಉತ್ತರವನ್ನೇ ಕೊಡಲಿಲ್ಲ. ನಾನು ದೊಡ್ಡವಳಾದಾಗ, ನಮ್ಮಲ್ಲಿ ಪದ್ಧತಿ ಇದ್ದೇ ಇದೆಯಲ್ಲ, ಅಕ್ಕನ ಮಗಳನ್ನೇ ಮಾಡಿಕೋ ಎಂದು ಹಿರಿಯರು ಸೂಚಿಸಿದರು. ಅವನು ಆ ಹಿರಿಯರ ಮನೆಗೆ ಹೋಗುವುದನ್ನೇ ಬಿಟ್ಟ. ಇದೊಂದು ವಿಷಯದಲ್ಲಿ ಮಾತ್ರ ನನಗೆ ಅವನ ಮೇಲೆ ಸಿಟ್ಟಿಲ್ಲ.

ಉಳಿದದ್ದಕ್ಕೆಲ್ಲ ಇದೆ. ರಬಕವಿಯಿಂದ ನನ್ನನ್ನು ನೋಡಲು ಬೀಗರು ಬಂದ ದಿನವನ್ನೇ ತೆಗೆದುಕೊಳ್ಳಿ. ಸೀರೆ ವ್ಯಾಪಾರದ ದೊಡ್ಡ ಮನೆತನ. ಅವ್ವ ಶಿರಾದ ತಟ್ಟೆ ಮುಂದಿಟ್ಟು, ಎಲ್ಲ ತಾಯಂದಿರಂತೆ, ಇದನ್ನು ಹುಡುಗಿಯೇ ಮಾಡಿದ್ದು ಎಂದಳು. ಬೀಗರು ಒಂದು ತುತ್ತು ತಿಂದು ತಲೆದೂಗಿದರು. ಮಾವನೂ ತಲೆದೂಗಿ, "ಬಾಜೂ ಮನಿ ಅಕ್ಕ ಮಾಡ್ಯಾಳ್ರಿ. ನಮ್ಮ ಹುಡುಗಿಗೆ ಇನ್ನ ಒಲಿ ಹಚ್ಚಾಕ ಬರೂದಿಲ್ಲ" ಎಂದ. ಒಳಗೆ ನಿಂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನನ್ನ ಪುಣ್ಯ, ಹುಡುಗ ನಕ್ಕುಬಿಟ್ಟ. ಅವನ ತಾಯಿ ನಗಲಿಲ್ಲ. ಮುಂದೆ ನಾನು ಹೋಗಿ ಬಾಳಬೇಕಾಗಿದ್ದುದು ನಕ್ಕವನೊಬ್ಬನ ಜೊತೆಗಷ್ಟೇ ಅಲ್ಲ, ನಗದವರ ಜೊತೆಗೂ ಹೌದು ಎಂಬುದು ಮಾವನಿಗೆ ಯಾಕೆ ಹೊಳೆಯಬೇಕು?

ಇನ್ನು ಅವನ ದುರ್ಬೀನಿನ ವಿಷಯ. ಸಂಸ್ಥಾನ ಮುಂಬಯಿ ಸರಕಾರದೊಳಗೆ ಸೇರಿಹೋದಾಗ ಮಾವನ ಕೆಲಸವೂ ಹೋಯಿತು. ಬೇರೆಯವರಾಗಿದ್ದರೆ ಕಿರಾಣಿ ಅಂಗಡಿ ಇಡುತ್ತಿದ್ದರು, ಇಲ್ಲವೇ ಹೊಸ ಸರಕಾರಕ್ಕೆ ಅರ್ಜಿ ಗುಜರಾಯಿಸುತ್ತಿದ್ದರು. ಮಾವ ಮುಂಬಯಿಗೇ ಹೋಗಿ ಹಳೆಯ ಸಾಮಾನು ಮಾರುವ ಜೂನಾ ಬಜಾರದಲ್ಲಿ ಉದ್ದನೆಯ ಹಿತ್ತಾಳೆ ದುರ್ಬೀನೊಂದನ್ನು ಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದ. ನೆಲ ಅಳೆದು ಸಾಕಾಗಿ ಈಗ ಮುಗಿಲು ಅಳೆಯಲು ಹೊರಟಿದ್ದಾನೆ ಎಂದು ಜಮಖಂಡಿ ನಕ್ಕಿತು.

ಜಮಖಂಡಿಯಿಂದ ಬೀಳಗಿಗೆ ಹೋಗುವ ದಾರಿಯ ಪಕ್ಕ ಒಂದು ಬೋಳು ಗುಡ್ಡ. ಅದರ ನೆತ್ತಿಯ ಮೇಲೆ ಕಲ್ಲುಗೋಡೆ ಎಬ್ಬಿಸಿ, ತಗಡು ಹೊದಿಸಿ, ಆ ತಗಡನ್ನು ಸರಿಸಲು ಬಾವಿಯ ಗಡಗಡಿಗೆ ಹಗ್ಗ ಕಟ್ಟಿದ. ಹಗ್ಗ ಜಗ್ಗಿದರೆ ಮಾಳಿಗೆ ತೆರೆಯುತ್ತಿತ್ತು. ಮುಚ್ಚಬೇಕಾದರೆ ಮಾತ್ರ ಒಬ್ಬರು ಗೋಡೆ ಹತ್ತಿ ಕಾಲಿನಿಂದ ಒದೆಯಬೇಕಾಗಿತ್ತು! ಬಾಗಿಲ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ‘ಖಗೋಲ ವೇಧಶಾಲೆ’ ಎಂದು ಬರೆಸಿದ. ಸುತ್ತಲಿನವರು ಎರಡನ್ನೂ ಬಿಟ್ಟು ಅದನ್ನು ಚಿಕ್ಕಿ ಮನಿ ಎಂದು ಕರೆದರು. ನಮ್ಮ ಕಡೆ ನಕ್ಷತ್ರ ಎಂದು ಯಾರು ಅನ್ನುತ್ತಾರೆ? ಚಿಕ್ಕಿ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಗುಡ್ಡದ ಬುಡದಲ್ಲಿ ಕುರಿ ಸಾಕುವ ಬೀರಪ್ಪನ ವಸ್ತಿ. ದೂರದಿಂದ ಬಂದವರು ಉಳಿದುಕೊಳ್ಳಲು ಬೇಕಲ್ಲ ಎಂದು ಮಾವ ಅದಕ್ಕೆ ಅತಿಥಿಗೃಹ ಎಂದು ಹೆಸರಿಟ್ಟ. ಬೀರಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಬೀರೇಶ್ವರ ದೇವರಿಗೆ ನಡೆದುಕೊಳ್ಳುವ ಆತ ಬಂದವರಿಗೆ ಇಲ್ಲ ಎನ್ನಲಾರ. ಕುರಿಹಟ್ಟಿಯ ಒಂದು ಮಗ್ಗುಲಿಗೆ ಕರಿಕಂಬಳಿ ಹಾಸಿದರೆ ಅತಿಥಿಗೃಹ, ಸುತ್ತಿಟ್ಟರೆ ಮತ್ತೆ ಕುರಿಹಟ್ಟಿ. ಕಂಬಳಿ ಹಾಸಿದ ಸುದ್ದಿಯನ್ನು ಕುರಿಗಳಿಗೆ ಮಾತ್ರ ಯಾರೂ ತಿಳಿಸುತ್ತಿರಲಿಲ್ಲ. ಒಮ್ಮೆ ಅಲ್ಲಿ ಉಳಿದು ಬಂದ ನಮ್ಮ ನೆಂಟರೊಬ್ಬರು, ಬೆಳಗಿನ ತನಕ ತಮ್ಮ ಪಕ್ಕದಲ್ಲಿ ಮಲಗಿದ್ದವರು ಯಾರೆಂದು ಹೇಳಲು ಕೊನೆಗೂ ಒಪ್ಪಲಿಲ್ಲ.

ಈಗ ಮದುವೆಗೆ ಬರುತ್ತೇನೆ. ವೈಶಾಖದ ಬಿಸಿಲು. ಅಕ್ಕಿಕಾಳು ಬಿದ್ದು, ತಾಳಿ ಕಟ್ಟಿದ್ದಾಗಿತ್ತು. ಮದುವೆ ಮಾಡಿಸುತ್ತಿದ್ದ ಅಯ್ಯನವರು ನಮ್ಮಿಬ್ಬರನ್ನೂ ಹಂದರದ ಹೊರಗೆ ಕರೆತಂದು, ಉರಿಯುವ ಮುಗಿಲಿಗೆ ಬೆರಳು ಮಾಡಿ, ಅರುಂಧತಿಯನ್ನು ನೋಡಿರಿ ಎಂದರು. ಇದು ಎಲ್ಲ ಮದುವೆಗಳಲ್ಲೂ ಇದ್ದದ್ದೇ. ಸಪ್ತರ್ಷಿಗಳಲ್ಲಿ ವಸಿಷ್ಠನ ಪಕ್ಕ ಮಿಣುಕುವ ಪತಿವ್ರತೆ ಆಕೆ. ಅವಳಂತೆ ಬಾಳಿರಿ ಎಂದು ತೋರಿಸುತ್ತಾರೆ. ಮಟಮಟ ಮಧ್ಯಾಹ್ನ ಆಕೆ ಯಾರಿಗೆ ಕಾಣಬೇಕು? ಕತ್ತೆತ್ತಿ, ಕಣ್ಣು ಕಿರಿದು ಮಾಡಿ, ‘ಕಂಡೆ’ ಎಂದರಾಯಿತು. ಗಂಡ ಹಾಗೇ ಅಂದುಬಿಟ್ಟ. ನಾನು ಒಂದು ಗಳಿಗೆ ತಡೆದೆ. ಅವ್ವ ಹಿಂದಿನಿಂದ ಸೊಂಟ ಚಿವುಟಿ, "ಕಂಡೆ ಅನ್ನು. ಕಾಣವಲ್ದು ಅನಬ್ಯಾಡ, ಕೆಟ್ಟದ್ದು" ಎಂದು ಕಿವಿಯಲ್ಲಿ ಉಸುರಿದಳು. ಏನು ಕೆಟ್ಟದ್ದು, ಯಾರಿಗೆ ಕೆಟ್ಟದ್ದು ಎಂದು ಕೇಳಲು ಅದು ಹೊತ್ತಲ್ಲ. ಹೆದರಿ, ಕಂಡೆ ಎಂದೆ.

"ಎಲ್ಲಿ ಐತಿ, ತೋರಸು" ಎಂದಿತು ಒಂದು ದನಿ.

ಯಾರದೆಂದು ಬೇರೆ ಹೇಳಬೇಕೆ? ಅಯ್ಯನವರು ಇದು ಶಾಸ್ತ್ರ ಎಂದರು. ಶಾಸ್ತ್ರದಲ್ಲಿ ನೋಡಿರಿ ಎಂದಿದೆಯೋ ನೋಡಿದಂತೆ ಮಾಡಿರಿ ಎಂದಿದೆಯೋ ಎಂದು ಮಾವ ಕೇಳಿದ. ಈ ಹೊತ್ತಿನಲ್ಲಿ ಸಪ್ತರ್ಷಿಗಳು ನೆಲದ ಆಚೆ ಬದಿಗೆ ಇರುತ್ತಾರೆ, ಇವರು ಬೆರಳು ಮಾಡಿದ್ದು ಬರಿಯ ಬಿಸಿಲಿಗೆ ಎಂದ. ಅಷ್ಟಕ್ಕೆ ಬಿಟ್ಟಿದ್ದರೂ ನಗೆಯಲ್ಲಿ ತೇಲಿಹೋಗುತ್ತಿತ್ತು. ಅವನು ಬಿಡಲಿಲ್ಲ. ಅರುಂಧತಿಯನ್ನು ಕಾಣದೆ ಕಂಡೆ ಎಂದರೆ ಅದು ಅರ್ಧ ಮದುವೆ ಎಂದುಬಿಟ್ಟ!

ಬೀಗರ ಕಡೆಯ ಹಿರಿಯರು ರುಮಾಲು ಸುತ್ತಿಕೊಂಡು ಚಪ್ಪಲಿ ಹುಡುಕತೊಡಗಿದರು. ಅವ್ವ ಕಂಬ ಹಿಡಿದು ಕೂತಳು. ತಾಳಿ ಕಟ್ಟಿದ ಹುಡುಗಿಯನ್ನು ಹಂದರದಲ್ಲೇ ಬಿಟ್ಟು ದಿಬ್ಬಣ ಹೋದರೆ ಆ ಹುಡುಗಿಯ ಗತಿ ಏನು? ಅದು ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿತ್ತು. ಆ ಕ್ಷಣ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಮಾವನ ತಲೆಯ ಮೇಲೆ ಒಡೆಯಬೇಕೆನಿಸಿತ್ತು. ಇಂದಿಗೂ, ತೆಂಗಿನಕಾಯಿ ಕೈಗೆ ಬಂದಾಗ ಆ ತಲೆ ನೆನಪಾಗುತ್ತದೆ.

ನಮ್ಮನ್ನು ಕಾಪಾಡಿದ್ದು ಗಂಡನ ತಾಯಿ. ಕಾಪಾಡಿದ್ದೂ ಪ್ರೀತಿಯಿಂದಲ್ಲ, ಅಂಜಿಕೆಯಿಂದ. ಅರ್ಧ ಮದುವೆ ಎಂಬ ಮಾತು ಅತ್ತೆಯವರ ಮನಸ್ಸಿಗೆ ನೆಟ್ಟಿತ್ತು. ಶಂಕೆ ಹೊತ್ತುಕೊಂಡು ಸೊಸೆಯನ್ನು ಹೊಸಿಲು ದಾಟಿಸುವುದಿಲ್ಲ, ಬೀಗರು ಎಲ್ಲಿ ತೋರಿಸುತ್ತಾರೋ ಅಲ್ಲಿಗೇ ನಡೆಯಿರಿ, ಪೂರ್ತಿ ಮಾಡಿಕೊಂಡೇ ಮನೆಗೆ ಹೋಗೋಣ ಎಂದರು. ಹೀಗಾಗಿ ಮುಧೋಳದಿಂದ ರಬಕವಿಗೆ ಹೋಗಬೇಕಾದ ದಿಬ್ಬಣದ ಮೋಟಾರು, ಊಟ ಮುಗಿಸಿ, ಬೀಳಗಿಯ ದಾರಿ ಹಿಡಿಯಿತು. ಜಗತ್ತಿನಲ್ಲಿ ಯಾವ ಮದುಮಗಳಾದರೂ ಅತ್ತೆಮನೆಗೆ ಬೆನ್ನು ಮಾಡಿ ಮೆರವಣಿಗೆ ಹೋದದ್ದುಂಟೇ?

ಇಳಿಹೊತ್ತಿಗೆ ಬೀರಪ್ಪನ ವಸ್ತಿ ಮುಟ್ಟಿದೆವು. ಬೀರಪ್ಪ ಕಂಬಳಿ ಹಾಸಿ, ಬಿಸಿ ರೊಟ್ಟಿ, ಕೆನೆಮೊಸರು ಇಟ್ಟು, ರೇಶಿಮೆ ರುಮಾಲಿನವರನ್ನೆಲ್ಲ ಕುರಿಗಳ ನಡುವೆ ಕೂರಿಸಿದ. ನಾನು ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಕತ್ತಿನ ಹಿಂದೆ ಯಾರೋ ಬಿಸಿ ಉಸಿರು ಬಿಟ್ಟಂತಾಯಿತು. ಗಂಡನಿರಬೇಕು ಎಂದು ನಾಚಿ ಇನ್ನಷ್ಟು ತಲೆ ತಗ್ಗಿಸಿದೆ. ತಿರುಗಿ ನೋಡುವಷ್ಟರಲ್ಲಿ ಒಂದು ಟಗರು ನನ್ನ ಜಡೆಯ ಮಲ್ಲಿಗೆ ದಂಡೆಯನ್ನು ಪೂರ್ತಿ ತಿಂದು ಮುಗಿಸಿತ್ತು.

ಹೊತ್ತು ಮುಳುಗುತ್ತಿದ್ದಂತೆ ಗುಡ್ಡ ಹತ್ತಿದೆವು. ಕತ್ತಲು ಕವಿದ ಮೇಲೆ ಮಾವ ಹಗ್ಗ ಜಗ್ಗಿದ. ತಗಡು ಕಿರುಚುತ್ತ ಸರಿಯಿತು. ಉತ್ತರದ ಮುಗಿಲಿನಲ್ಲಿ ಸಪ್ತರ್ಷಿಗಳು ಮೂಡಿ ನಿಂತಿದ್ದರು. ಹಿರಿಯರೆಂದು ಅತ್ತೆಯವರೇ ಮೊದಲು ದುರ್ಬೀನಿಗೆ ಕಣ್ಣು ಹಚ್ಚಿದರು. ಬಹಳ ಹೊತ್ತು ನೋಡಿದರು. ಮುಖ ಬಿಗಿಯುತ್ತ ಬಂತು.

"ವಸಿಷ್ಠರು ಯಾರ್ರಿ?"

ನಡುವಿನ ದೊಡ್ಡವರು ಎಂದು ಮಾವ ಹೇಳಿದ. ಅರುಂಧತಿ ತುಸು ದೂರದಲ್ಲಿದ್ದಾಳೆ ಎಂದೂ ಹೇಳಿದ.

"ಅದು ಕಂಡ್ತ್ರಿ. ಮತ್ತ ಅವರ ಮೈಗೆ ಹತ್ತಿ ಕುಂತಾಳಲ್ರಿ, ಈಕಿ ಯಾರು?"

ವಸಿಷ್ಠ ಎಂದು ನಾವು ಕರೆಯುವ ಚಿಕ್ಕಿ ಬರಿಗಣ್ಣಿಗೆ ಒಂದು. ದುರ್ಬೀನಿನಲ್ಲಿ ನೋಡಿದರೆ ಅದು ಜೋಡಿ ಚಿಕ್ಕಿ. ಬೇರೆ ಯಾರಾದರೂ ಆಗಿದ್ದರೆ, ಶಿಷ್ಯ ಎಂದೋ, ಹೋಮದ ಕಿಡಿ ಎಂದೋ ಹೇಳಿ ನನ್ನ ಸಂಸಾರ ಉಳಿಸುತ್ತಿದ್ದರು. ಮಾವ ಏನು ಹೇಳಿದ ಗೊತ್ತೇ? "ಅಕಿನೂ ಮೊದಲಿಂದ ಅಲ್ಲೇ ಅದಾಳ್ರಿ ಅವ್ವಾರ. ಇಲ್ಲ ಅಂತ ಹೆಂಗ ಹೇಳ್ಲಿ?"

ಅತ್ತೆಯವರು ದುರ್ಬೀನಿನಿಂದ ಸರಿದು, ಮುಂದೆ ಬಂದ ಮಗನ ತೋಳು ಹಿಡಿದು, "ನೀ ಇದನ್ನ ನೋಡಬ್ಯಾಡ" ಎಂದರು. ಅವನನ್ನು ಮುಂದೆ ಹಾಕಿಕೊಂಡು ಗುಡ್ಡ ಇಳಿದೇಬಿಟ್ಟರು. ದಿಬ್ಬಣವೆಲ್ಲ ಹಿಂದೆ ಇಳಿಯಿತು. ಮುಂದೆ ಎಷ್ಟೋ ವರ್ಷ, ರಬಕವಿಯ ಅಂಗಳದಲ್ಲಿ ಹಾಸಿಗೆ ಹಾಕಿದಾಗ ಅವರು ಮುಗಿಲು ನೋಡಿ, ಪಾಪ ಅರುಂಧತಿ ಎಂದು ಲೊಚಗುಟ್ಟುತ್ತಿದ್ದರು. ಆ ಲೊಚಗುಟ್ಟುವಿಕೆಯಿಂದಲೇ ನಮ್ಮಿಬ್ಬರ ನಡುವೆ ಸಲಿಗೆ ಹುಟ್ಟಿತು. ಆದರೆ ಅದು ಮುಂದಿನ ಮಾತು. ಅಂದು ಅವರ ಬೆನ್ನು ನೋಡುತ್ತ ನಿಂತಾಗ, ಮದುವೆ ಅರ್ಧವಾಗಿದ್ದದ್ದು ಈಗ ಪೂರ್ತಿ ಮುರಿಯಿತು ಎಂದೇ ತಿಳಿದಿದ್ದೆ.

ಹುಟ್ಟಿದಾಗಿನಿಂದ ಮಾವನೆದುರು ದನಿ ಎತ್ತದವಳು ಅಂದು ಎತ್ತಿದೆ. "ನನ್ನ ಬಾಳೇ ಹಾಳ ಮಾಡಿದಿ ಮಾವಾ. ಎಲ್ಲಾರೂ ಕಂಡೆ ಅಂತಾರ, ನಾನೂ ಅಂದೆ. ನಿನಗೇನ ಆಗಿತ್ತು?"

ಅವನು ದುರ್ಬೀನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ನನ್ನತ್ತ ನೋಡಲಿಲ್ಲ.

"ಅಕಿ ಕಾಣವಲ್ದು ಅಂದಿದ್ಳವಾ" ಎಂದ. "ನಮ್ಮ ಮದುವ್ಯಾಗ. ನಾ ಕಂಡೆ ಅಂದೆ. ಅಕಿ ಕಾಣವಲ್ದು ಅಂದ್ಳು."

ತೀರಿಹೋದ ಹೆಂಡತಿಯ ಮಾತೆಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅವನೇ ಹೇಳಿದ. ಹೆಣ್ಣುಮಗಳು ಹಾಗೆಂದ ಕೂಡಲೇ ಹಂದರದಲ್ಲಿ ಯಾರೋ ಮುದುಕಿ, ಅರುಂಧತಿ ಕಾಣದವರು ಬಾಳಿ ಬದುಕುವುದಿಲ್ಲ ಎಂದಳಂತೆ. ಅದು ಆ ಹುಡುಗಿಯ ಕಿವಿಗೆ ಬಿತ್ತಂತೆ. ಅಂದಿನಿಂದ ದಿನಾ ಸಂಜೆ ಅಂಗಳಕ್ಕೆ ಬಂದು ತೋರಿಸಿರಿ ಎಂದು ಮಾವನನ್ನು ಕೇಳುವಳಂತೆ. ನೆಲ ಅಳೆಯುವವನಿಗೆ ಮುಗಿಲಿನ ಗುರುತು ಎಲ್ಲಿಂದ ಬರಬೇಕು? ಕಣ್ಣಿಗೆ ಬಿದ್ದ ಚಿಕ್ಕಿಯನ್ನು ತೋರಿಸಿ ಅದೇ ಎನ್ನುತ್ತಿದ್ದನಂತೆ. ಒಂದು ದಿನ ಒಂದು, ಮರುದಿನ ಇನ್ನೊಂದು. ಸುಳ್ಳೆಂದು ಆಕೆಗೆ ತಿಳಿಯುತ್ತಿತ್ತಂತೆ. ಆ ಮಳೆಗಾಲ ಜ್ವರ ಬಂದು ಮಲಗಿದವಳು, ನಾನು ಕಾಣವಲ್ದು ಎಂದದ್ದಕ್ಕೇ ಹೀಗಾಯಿತು ಎನ್ನುತ್ತಲೇ ಕಣ್ಣು ಮುಚ್ಚಿದಳಂತೆ.

"ಖರೆ ಹೇಳಿದಾಕಿ ಅಕಿ ಒಬ್ಬಾಕಿನ. ಸುಳ್ಳ ಹೇಳಿದವ್ರೆಲ್ಲಾ ಆರಾಮ ಅದೇವಿ" ಎಂದ ಮಾವ. "ನೀ ಮಧ್ಯಾಹ್ನ ಕಂಡೆ ಅಂದಾಗ ನಿನ್ನ ಮಾರಿ ನೋಡಿದೆ. ಅಂಜಿದ್ದಿ ನೀ. ಅದಕ್ಕ ಎದ್ದೆ."

ನನ್ನ ಸಿಟ್ಟು ಹೋಯಿತೇ? ಎಲ್ಲಿ ಹೋದೀತು! ಇನ್ನೂ ಹೆಚ್ಚಾಯಿತು. ಹೊಸ ಸೀರೆಯುಟ್ಟ ಹುಡುಗಿಯೊಬ್ಬಳು ಇದ್ದದ್ದನ್ನು ಇದ್ದಂತೆ ಹೇಳಿದ್ದಕ್ಕೆ ಸಾವಿನ ಹೆದರಿಕೆ ಹಾಕಿದ ಆ ಮುದುಕಿಯ ಮೇಲೆ, ಸುಮ್ಮನಿದ್ದ ಹಂದರದ ಮೇಲೆ, ನನ್ನ ಸೊಂಟ ಚಿವುಟಿದ ಅವ್ವನ ಮೇಲೆ. ತಲೆ ಬೆಳ್ಳಗಾದರೂ ಇಳಿಯದ ಸಿಟ್ಟು ಎಂದೆನಲ್ಲ, ಅದು ಇದೇ.

"ನೋಡು ಬಾ" ಎಂದ ಮಾವ.

ದುರ್ಬೀನಿಗೆ ಕಣ್ಣು ಹಚ್ಚಿದೆ. ವಸಿಷ್ಠನೂ ಇಲ್ಲ, ಅರುಂಧತಿಯೂ ಇಲ್ಲ; ಎಲ್ಲ ಕಲಸಿ ಬೆಳಕಿನ ಒಂದು ಕೆಸರು. ಕಣ್ಣಲ್ಲಿ ನೀರು ತುಂಬಿಹೋಗಿತ್ತು.

"ಕಂಡ್ತೇನವಾ?"

ಕಂಡೆ ಎನ್ನುವ ಮಾತು ರೂಢಿಯಂತೆ ನಾಲಗೆಯ ತುದಿಗೆ ಬಂದಿತ್ತು.

"ಇಲ್ಲ ಮಾವಾ. ಕಾಣವಲ್ದು."

ಅವನು ಧೋತರದ ಚುಂಗಿನಿಂದ ದುರ್ಬೀನಿನ ಗಾಜು ಒರೆಸಿದ. ಆಮೇಲೆ ಅದೇ ಚುಂಗಿನಿಂದ ನನ್ನ ಕಣ್ಣು ಒರೆಸಿದ. "ಕಾಣಲಿಲ್ಲಂದ್ರ ಏನೂ ಆಗೂದಿಲ್ಲವಾ. ಅವಸರಿಲ್ಲ, ಮತ್ತ ನೋಡು" ಎಂದ. ಕೆಳಗೆ ವಸ್ತಿಯಲ್ಲಿ ದಿಬ್ಬಣದ ಮೋಟಾರು ರಬಕವಿಗೆ ಹೊರಡಲು ನನ್ನನ್ನು ಕರೆಯುತ್ತ ಹಾರ್ನು ಬಾರಿಸುತ್ತಲೇ ಇತ್ತು. ನಾನು ಕಾಣುವ ತನಕ ನೋಡಿದೆ.