ಊರಿಗಾಂ ಗೋಡೆಯ ಮೇಲೊಂದು ಹೊಲ

ನನ್ನ ಸೋದರಮಾವನಂಥ ಚಿತ್ರಕಾರ ಕೋಲಾರ ಸೀಮೆಯಲ್ಲೇ ಇರಲಿಲ್ಲ ಎಂದರೆ ನೀವು ನಂಬಬೇಕು. ಜೀವಮಾನದಲ್ಲಿ ಅವನು ಬರೆದದ್ದು ಒಂದೇ ಚಿತ್ರ. ಅದೂ ಯಾರಿಗಾಗಿ? ಕಣ್ಣು ಕಾಣದ ನಮ್ಮ ಅಜ್ಜಿಗಾಗಿ!

ಐವತ್ತರ ದಶಕದ ಕೊನೆ. ಮಾವನಿಗೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಕೆಲಸ, ಊರಿಗಾಂ ಲೈನಿನಲ್ಲಿ, ಎಂದರೆ ಗಣಿ ಕೂಲಿಗಳ ಸಾಲುಮನೆಗಳಲ್ಲಿ, ಒಂದು ಕೋಣೆಯ ಮನೆ. ಓದಿಗೆಂದು ನಾನೂ ಅಲ್ಲೇ ಇದ್ದೆ. ಕಣ್ಣಿಗೆ ಪೊರೆ ಬಂದ ಅಜ್ಜಿಯನ್ನು ಮಾವ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಕರೆತಂದ. ಅವಳಿಗೆ ಈ ಮನೆ ಒಗ್ಗಲೇ ಇಲ್ಲ. ಎರಡು ತುತ್ತಿಗೆ ತಟ್ಟೆ ಸರಿಸಿ, "ನನ್ನ ಒಲದ ತಾವ ಬಿಟ್ಬುಡ್ಲಾ" ಎನ್ನುತ್ತಿದ್ದಳು. ದಿನದಿನಕ್ಕೆ ಸೊರಗುತ್ತಿದ್ದಳು.

ಕೊನೆಗೊಂದು ದಿನ ಮಾವ ಹೇಳಿದ: "ನೀನ್ ಓಗ್ಬ್ಯಾಡಮ್ಮಾ. ಒಲಾನೇ ಇಲ್ಲಿಗ್ ತತ್ತೀನಿ."

ಶುರುವಾಯಿತು ನೋಡಿ! ಭಾನುವಾರದ ರೈಲಿನಲ್ಲಿ ಹಳ್ಳಿಗೆ ಹೋಗಿ ಅವರೆ ಸೊಪ್ಪು, ಹೊಂಗೆ ಎಲೆ, ಬಸಳೆ ಹಣ್ಣು ಗಂಟು ಕಟ್ಟಿ ತರುವುದೇನು, ಅರೆದು ಸೋಸುವುದೇನು, ಹುಣಸೆಬೀಜದ ಅಂಟು ಕಾಸಿ ಕಲಸುವುದೇನು! ಅತ್ತೆಯ ಒರಳಿನಲ್ಲಿ ಅರೆದ ಚಟ್ನಿಯೆಲ್ಲ ಹೊಂಗೆಯ ಕಹಿ.

"ಅಂಗಡೀಲಿ ಪೇಂಟ್ ಡಬ್ಬ ಸಿಗಾಕಿಲ್ವಾ?" ಎಂದಳು ಅತ್ತೆ.

"ಅದು ಆಗಾಕಿಲ್ಲ ಕಣೆ" ಎಂದ ಮಾವ. ಯಾಕೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಗಣಿಯಿಂದ ಹೊರಬರುವವರನ್ನು ಚಿನ್ನಕ್ಕಾಗಿ ತಡಕುತ್ತಾರಷ್ಟೆ. ಒಂದು ಸಂಜೆ ಮಾವನ ಬುತ್ತಿ ಡಬ್ಬಿಯಲ್ಲಿ ಹಳದಿ ಪುಡಿಯ ಪೊಟ್ಟಣ ಸಿಕ್ಕಿತು. ಕಾವಲುಗಾರ ಹೌಹಾರಿದ.

"ಚೆಂಡೂವಿನ ಪುಡಿ ಸ್ವಾಮಿ, ಬಣ್ಣ ಮಾಡಾಕೆ."

"ಅದನ್ನ ಭೂಮಿ ಒಳಕ್ಕೆ ಯಾಕಯ್ಯಾ ತಗಂಡೋಗಿದ್ದೆ?"

"ಮನೇಲಿಟ್ರೆ ನಮ್ಮೋಳು ಒಲೆಗಾಕ್ತಾಳೆ."

ಮಾವನನ್ನು ಬಿಟ್ಟರು, ಪುಡಿಯನ್ನು ಬಿಡಲಿಲ್ಲ. ಗೋಡೆಯ ಮೇಲೆ ಹಸಿರು ಹೊಲ ಆಗಲೇ ಎದ್ದಿತ್ತು; ಅದರ ಹುಚ್ಚೆಳ್ಳು ಹೂವಿಗೆ ಹಳದಿ ಬೇಕಲ್ಲ? ಅಡಿಗೆಯ ಅರಿಶಿನವನ್ನೇ ಕಲಸಿ ಬಳಿದ. ಹೊಸದಾಗಿ ಸುಣ್ಣ ಹೊಡೆದ ಗೋಡೆ! ನೋಡನೋಡುತ್ತ ಹುಚ್ಚೆಳ್ಳು ಕುಂಕುಮದಂತೆ ಕೆಂಪಾಯಿತು.

"ಏನಣ್ಣಾ, ಮೆಣ್ಸಿನ್ಕಾಯಿ ಬೆಳ್ದಿದೀಯಾ?" ಎಂದ ಪಕ್ಕದ ಮನೆಯವನು.

"ಒತ್ತು ಮುಳುಗೋ ಟೈಮು ಕಣ್ಲಾ. ಆಗ ಅಂಗೇ ಕಾಣ್ತದೆ" ಎಂದು ಮಾವ ಕುಂಚ ತೊಳೆದ.

ಇಡೀ ಲೈನು ನಗುತ್ತ ಬಾಗಿಲಲ್ಲಿ ನೆರೆದಿತ್ತು. ಮಾವ ಅಜ್ಜಿಯನ್ನು ಎಬ್ಬಿಸಿ, ಗೋಡೆಗೆ ಮುಖಮಾಡಿ ನಿಲ್ಲಿಸಿದ. ಅಜ್ಜಿ ಮೂಗರಳಿಸಿದಳು. ಮೂಗು ಗೋಡೆಗೆ ತಾಗಿಸಿದಳು.

"ಅವರೆ ಸೊಗಡು..." ಎಂದಳು. ಕೈಯಾಡಿಸುತ್ತ ಸರಿದಳು. "ಇಲ್ಲಿ ಅರಿಸಿನ ಯಾಕ್ಲಾ ಬಳ್ದೆ? ಇದು ಉಚ್ಚೆಳ್ಳಿನ ಜಾಗ." ಮತ್ತೆ ತಡಕಿದಳು. "ಬದುವಿನ ಮ್ಯಾಗೆ ಒಂಗೆ ಮರ ಇತ್ತಲ್ಲಾ?"

"ಐತೆ ಕಣಮ್ಮಾ. ಇನ್ನೊಂದ್ ಗೇಣು ಮ್ಯಾಕೆ."

ಅಜ್ಜಿ ತುದಿಗಾಲಲ್ಲಿ ನಿಂತು ಮರವನ್ನು ಮೂಸಿದಳು. ಅಂಗಡಿಯ ಪೇಂಟು ಯಾಕಾಗದು ಎಂದು ಆಗ ನಮಗೆ ತಿಳಿಯಿತು. ಬಾಗಿಲಲ್ಲಿ ಯಾರೂ ನಗಲಿಲ್ಲ. ನನಗಂತೂ ಅಳು ಬಂತು. ಆ ದಿನ ಅಜ್ಜಿ ಎರಡು ಮುದ್ದೆ ಉಂಡಳು!

ವಾಸನೆ ಎಷ್ಟು ದಿನ ನಿಂತೀತು? ಅಜ್ಜಿ ಇರುವ ತನಕ ಮಾವ ಪ್ರತಿ ಭಾನುವಾರ ಹೊಸ ಸೊಪ್ಪು ಅರೆದು ಬಳಿದ. ನಕ್ಕಿದ್ದ ಪಕ್ಕದ ಮನೆಯವನೇ ಎಲೆ ಕಿತ್ತು ತರುತ್ತಿದ್ದ. ಬಳಿದು ಬಳಿದು ಚಿತ್ರವೆಲ್ಲ ಕಲಸಿಹೋಗಿ ಬರೀ ಹಸಿರು ಗೋಡೆ ಉಳಿಯಿತು. ಅದರಲ್ಲಿ ಹೊಂಗೆ ಮರ ಎಲ್ಲಿದೆಯೆಂದು ಅಜ್ಜಿಗೊಬ್ಬಳಿಗೇ ಗೊತ್ತಿತ್ತು.