ಒಂದು ಗೇಣಿನ ಚೀಲ

ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲವೆಂದು ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಚಿಕ್ಕಬಳ್ಳಾಪುರದಲ್ಲಿ ಅದನ್ನು ಓದದೇ ಇದ್ದವನು ಬಹುಶಃ ಮುರಳಿಮೋಹನ್ ಒಬ್ಬನೇ. ಅವನು ಕಾಲೇಜಿನ ಲ್ಯಾಬಿಗೆ ಕಾಲಿಡುವುದಕ್ಕೂ ಫ್ರಿಜ್ಜು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದಕ್ಕೂ ಸರಿಹೋಯಿತು.

ಆ ಫ್ರಿಜ್ಜಿನಲ್ಲಿ ಅವನ ಪ್ರಾಣವಿತ್ತು. ಪ್ರಾಣವೆಂದರೆ ಹಾವಿನ ಪೊರೆಯಂಥ ತೆಳ್ಳನೆಯ, ಒಂದು ಗೇಣುದ್ದದ ಚೀಲ. ಎರಡೂ ತುದಿ ದಾರದಿಂದ ಬಿಗಿದಿತ್ತು. ಒಳಗೆ ರೇಷ್ಮೆಗೂಡು ಬೇಯಿಸಿದ ನೀರಿನಿಂದ ತೆಗೆದ ಸೆರಿಸಿನ್ ಎಂಬ ಪ್ರೋಟೀನು, ಸುತ್ತಲೂ ಒಂದು ಬಕೆಟ್ ಶುದ್ಧ ನೀರು. ಚೀಲದ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಉಪ್ಪಿನಂಥ ಸಣ್ಣ ಕಣಗಳೆಲ್ಲ ಆ ತೂತಿನಿಂದ ನುಸುಳಿ ನೀರಿಗೆ ಹೋಗಬೇಕು, ದಪ್ಪ ಪ್ರೋಟೀನು ಒಳಗೇ ಉಳಿಯಬೇಕು. ಹೊರಗಿನ ನೀರು ತಣ್ಣಗಿರಬೇಕು, ಎರಡೆರಡು ಗಂಟೆಗೆ ಬದಲಾಗಬೇಕು. ಈ ಶುದ್ಧೀಕರಣಕ್ಕೆ ಡಯಾಲಿಸಿಸ್ ಎಂದು ಹೆಸರು. ಸಂಜೆ ನಾಲ್ಕಕ್ಕೆ ಗೈಡ್ ಸಂಘಮಿತ್ರ ಮೇಡಂ ಬಂದು ಶುದ್ಧ ಸೆರಿಸಿನ್ ಕಂಡರೆ ಅವನ ಪಿಎಚ್.ಡಿ.ಗೆ ಇನ್ನೊಂದು ವರ್ಷ ಸಿಗುತ್ತಿತ್ತು. ಕಾಣದಿದ್ದರೆ ಐದು ವರ್ಷದ ಓದಿಗೆ ಮಂಗಳಾರತಿ.

ಬಕೆಟ್ಟಿಗೆ ಮುಚ್ಚಳ ಹಾಕಿ, ಎದೆಗವಚಿಕೊಂಡು, ಮುರಳಿ ಶಿಡ್ಲಘಟ್ಟದ ಬಸ್ಸು ಹತ್ತಿದ. ಅಲ್ಲಿ ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಆದಿಲಕ್ಷ್ಮಮ್ಮನವರ ಬಳಿ ಫ್ರಿಜ್ಜಿತ್ತು, ಊರಲ್ಲಿ ಕರೆಂಟೂ ಇತ್ತು.

ಪಕ್ಕದ ಸೀಟಿನ ಹೆಂಗಸು ಮುಚ್ಚಳ ಸರಿಸಿ ಇಣುಕಿದಳು. "ಮೀನಾ? ಬದುಕೈತೇನಪ್ಪಾ?"

"ಇದು ಬದುಕಿದ್ರೆ ನಾನೂ ಬದುಕ್ತೀನಮ್ಮ, ಮುಚ್ಚಿ" ಎಂದ ಮುರಳಿ.

ಆದಿಲಕ್ಷ್ಮಮ್ಮ ದೋಸೆಹಿಟ್ಟು, ಮೊಸರು, ಮಲ್ಲಿಗೆ ಹೂವು ಎಲ್ಲವನ್ನೂ ಹೊರಗಿಟ್ಟು ಬಕೆಟ್ಟಿಗೆ ಜಾಗ ಮಾಡಿಕೊಟ್ಟರು. ಮುರಳಿ ಹತ್ತೂವರೆಗೆ, ಲ್ಯಾಬಿನಿಂದ ತಂದಿದ್ದ ಒಂದೇ ಕ್ಯಾನ್ ಶುದ್ಧ ನೀರನ್ನು ಸುರಿದು, ನೀರು ಬದಲಿಸಿದ. ಹಳೇ ನೀರನ್ನು ಚೆಲ್ಲಹೋದವನ ಕೈಯನ್ನು ಅವರು ಗಪ್ಪನೆ ಹಿಡಿದರು.

"ಯಾಕಪ್ಪಾ ಚೆಲ್ತೀಯ? ಇಲ್ಲಿ ಕೊಡು."

"ಏನಾದ್ರೂ ಮಾಡ್ಕೊಳ್ಳಿ ಅಮ್ಮಾ. ಹನ್ನೆರಡೂವರೆಗೆ ಇನ್ನೊಂದ್ಸಲ ನೀರು ಬದಲಾಯಿಸ್ಬೇಕು. ಡಿಸ್ಟಿಲ್ಡ್ ವಾಟರ್ ತಂದ್ಬಿಡ್ತೀನಿ."

ಶಿಡ್ಲಘಟ್ಟದಲ್ಲಿ ಶನಿವಾರ ಅಷ್ಟು ಶುದ್ಧವಾದ ನೀರು ಸಿಗುವುದು ಬ್ಯಾಟರಿ ಅಂಗಡಿಯಲ್ಲಿ ಮಾತ್ರ. ಮೊದಲ ಅಂಗಡಿಯವನು ನಮಾಜಿಗೆ ಹೋಗಿದ್ದ, ಎರಡನೆಯವನು ಮದುವೆಗೆ. ಮೂರನೆಯವನು ಕ್ಯಾನು ಕೊಡುವ ಮುಂಚೆ ಯಾವ ಗಾಡಿ, ಯಾವ ಮಾಡೆಲ್ಲು, ಎಷ್ಟು ವರ್ಷದ ಬ್ಯಾಟರಿ ಎಂದು ವಿಚಾರಿಸಿದ. ಗಾಡಿಯೇ ಇಲ್ಲವೆಂದರೆ ನಂಬಲಿಲ್ಲ. ಮುರಳಿ ಮನೆ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು.

ಫ್ರಿಜ್ಜು ತೆಗೆದ. ಬಕೆಟ್ಟು ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಮೊಸರು, ದೋಸೆಹಿಟ್ಟು ಮತ್ತೆ ಸ್ವಸ್ಥಾನ ಸೇರಿದ್ದವು.

"ಅಮ್ಮಾ! ನನ್ನ ಚೀಲ?"

"ನೀನು ಬರ್ಲಿಲ್ಲ, ಟೈಮಾಯ್ತು ಅಂತ ನಾನೇ ಬಸ್ದೆ ಕಣಪ್ಪ" ಎಂದರು ಆದಿಲಕ್ಷ್ಮಮ್ಮ, ಎರಡು ದೊಡ್ಡ ತಪ್ಪಲೆಗಳ ಮೇಲಿನ ತಟ್ಟೆ ಎತ್ತಿ ತೋರಿಸುತ್ತ. "ನೋಡು, ಒಂದ್ ತೊಟ್ಟು ಚೆಲ್ಲಿಲ್ಲ. ಆ ಸಿಪ್ಪೇನ ಕಸದ ಗಾಡಿಗೆ ಹಾಕ್ದೆ."

"ಸಿಪ್ಪೆನಾ? ಅದೇ ಬೇಕಾಗಿದ್ದದ್ದು ಅಮ್ಮಾ! ನೀರು ದಂಡ!"

"ನಂಗೇ ಹೇಳ್ಕೊಡ್ತೀಯ? ಹುರುಳಿ ಬೇಯಿಸ್ತೀವಿ, ಕಟ್ಟು ನಮ್ ಸಾರಿಗೆ, ಕಾಳು ಎತ್ತಿಗೆ. ಸಾರ ಯಾವಾಗ್ಲೂ ನೀರಲ್ಲೇ ಇರೋದು ಕಣೋ!"

ಆಗಲೇ ಮುರಳಿ ಬೀದಿಯಲ್ಲಿದ್ದ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. ಮೂರು ಬೀದಿಯಾಚೆ ಕಸದ ಆಟೋದ ಹಾಡು ಕೇಳಿಸಿ, ಹಾಡಿನ ಹಿಂದೆ ಬಿದ್ದ. ಅದು ಎಡಕ್ಕೆ ತಿರುಗಿದರೆ ಇವನೂ ಎಡಕ್ಕೆ, ಬಲಕ್ಕೆ ತಿರುಗಿದರೆ ಇವನೂ ಬಲಕ್ಕೆ. ಗೂಡಿನ ಮೂಟೆ ಹೊತ್ತವರು ದಾರಿ ಬಿಟ್ಟರು, ನಾಯಿಗಳು ದಾರಿ ಬಿಡದೆ ಜೊತೆಗೂಡಿದವು. ಪಕ್ಕದ ಮನೆಯ ವಜೀರುನ್ನೀಸಾ ಸೆರಗು ಬಿಗಿದು ಹಿಂದೆಯೇ ಓಡುತ್ತ, "ಯಾ ಅಲ್ಲಾ, ಕಳ್ಳನ್ನ ಹಿಡೀರಿ!" ಎಂದು ಕೂಗಿದ್ದರಿಂದ ಎರಡು ಅಂಗಡಿಯವರು ಮುರಳಿಯನ್ನೇ ಹಿಡಿದರು. ಅವರಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅಂಗಿಯ ಮೇಲಿನ ಎರಡು ಗುಂಡಿ ಹೋಗಿದ್ದವು.

ಕೊನೆಗೆ ಆಟೋ ಸಿಕ್ಕಿತು. ಅದರ ಮೇಲೆ ನಿಂತಿದ್ದ ಪೌರಕಾರ್ಮಿಕಳಾದ ಅಕ್ಕಯಮ್ಮ ಕೈಯಲ್ಲಿ ಚೀಲವನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ನಿಂದೇನಪ್ಪಾ ಇದು? ಅವಾಗಿಂದ ತಲೆ ಕೆಡಿಸ್ತಾ ಐತೆ. ಮೇಲೆ ನೋಡಿದ್ರೆ ಪ್ಲಾಸ್ಟಿಕ್ಕು, ಒಣ ಕಸ. ಒಳಗೆ ನೀರು, ಹಸಿ ಕಸ. ಯಾವ ಡಬ್ಬಕ್ಕೆ ಹಾಕ್ಲಿ?"

"ನನ್ನ ಕೈಗೆ ಹಾಕಮ್ಮಾ!"

"ಮನೇಲೇ ಬೇರೆ ಮಾಡಿ ಕೊಡಿ ಅಂತ ದಿನಾ ಬಡ್ಕೊಂತೀವಿ, ಕೇಳಲ್ಲ ನೀವು!" ಎಂದು ಬೈಯುತ್ತ ಕೊಟ್ಟಳು. ಚೀಲದ ಗಂಟು ಸಡಿಲಾಗಿರಲಿಲ್ಲ, ಒಂದು ಹನಿಯೂ ಸೋರಿರಲಿಲ್ಲ. ಕಳೆದುಹೋದ ತಾಳಿ ಸಿಕ್ಕವಳಂತೆ ಮುರಳಿ ಅದನ್ನು ಕಣ್ಣಿಗೊತ್ತಿಕೊಂಡ.

ಮೆರವಣಿಗೆ ಮನೆಗೆ ಬಂತು. ಅಂಗಳದಲ್ಲಿ ಇಡೀ ಬೀದಿ ಸೇರಿತ್ತು. ಗೆದ್ದವನಿಗೆ ಮಾತು ಹೆಚ್ಚು. ಚೀಲವನ್ನು ತೊಳೆದು ಹೊಸ ನೀರಿಗಿಳಿಸಿ ಮುರಳಿ ಎದ್ದುನಿಂತ.

"ನೋಡಿ, ಇದು ವಿಜ್ಞಾನ. ಒಳ್ಳೇದು ಚೀಲದೊಳಗೆ ಇರುತ್ತೆ, ಕೆಟ್ಟದ್ದು ನೀರಿಗೆ ಬರುತ್ತೆ. ಈ ನೀರಲ್ಲಿ ಉಪ್ಪು ಬಿಟ್ಟು ಇನ್ನೇನೂ ಇಲ್ಲ."

"ಬೇಡ ಕಣಪ್ಪ" ಎಂದು ಆದಿಲಕ್ಷ್ಮಮ್ಮ ತಪ್ಪಲೆಗೆ ಅಡ್ಡ ನಿಂತರು. "ಮುಟ್ಟಿ ನೋಡು, ಕೈಗೆ ನುಣ್ಣಗೆ ಹತ್ತುತ್ತೆ. ಬರೀ ಉಪ್ಪುನೀರು ಹಿಂಗಿರುತ್ತಾ?"

"ಅಮ್ಮಾ, ನಾನು ಐದು ವರ್ಷ ಓದಿದ್ದೀನಿ."

ಮುರಳಿ ತಾನೇ ತಪ್ಪಲೆ ಎತ್ತಿ, ಅಭಿಷೇಕ ಮಾಡುವವನಂತೆ ನಿಧಾನವಾಗಿ, ಚರಂಡಿಗೆ ಸುರಿದ. ಎರಡನೆಯದನ್ನೂ ಸುರಿದ. ಬೀದಿಯವರು ಚಪ್ಪಾಳೆ ತಟ್ಟಿದರು. ಹೊರಡುವಾಗ ಮೂರನೆಯ ನೀರನ್ನೂ ಅದೇ ದಾರಿಗೆ ಕಳಿಸಿ, ಚೀಲವನ್ನು ಒಂದು ಜಾಡಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಲ್ಯಾಬು ತಲುಪಿದ. ಸಂಘಮಿತ್ರ ಮೇಡಂ ಕಿಟಕಿಯ ಬೆಳಕಿನಲ್ಲಿ ಚೀಲ ಬಿಚ್ಚಿ, ಒಳಗಿನ ದ್ರವವನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಅದಕ್ಕೆ ತಿಳಿನೀಲಿ ದ್ರಾವಣ ಬೆರೆಸಿದರು. ಪ್ರೋಟೀನಿದ್ದರೆ ನೇರಳೆ ಬಣ್ಣಕ್ಕೆ ತಿರುಗಬೇಕು. ಟ್ಯೂಬು ತಿಳಿನೀಲಿಯಾಗಿಯೇ ಉಳಿಯಿತು. ಹತ್ತು ನಿಮಿಷ ಕಾದರೂ ಅದೇ ನೀಲಿ.

"ಯಾವ ಚೀಲ ಕಟ್ಟಿದ್ದೆ?"

"ಬೀರುವಿನಲ್ಲಿ ಇದ್ದದ್ದು, ಮೇಡಂ."

ಮೇಡಂ ಬೀರು ತೆಗೆದು ಡಬ್ಬಿಯ ಮೇಲಿನ ನಂಬರು ಓದಿದರು. "ಅಯ್ಯೋ ಪುಣ್ಯಾತ್ಮ! ಇದು ದೊಡ್ಡ ತೂತಿಂದು. ಬೇಯಿಸಿ ಬೇಯಿಸಿ ಚೂರಾಗಿರೋ ನಿನ್ನ ಸೆರಿಸಿನ್‌ಗೆ ಇದು ಚೀಲ ಅಲ್ಲ ಕಣಯ್ಯಾ, ಜರಡಿ! ಎಲ್ಲಾ ಆಚೆ ನೀರಿಗೆ ಹೋಗಿದೆ."

ಮುರಳಿಯ ಮುಖ ಕಂಡು ಅವರಿಗೇ ಕನಿಕರವಾಯಿತು. "ಅಳಬೇಡ. ಆ ನೀರಿದ್ರೆ ಸಾಕು, ಸಣ್ಣ ತೂತಿನ ಚೀಲದಲ್ಲಿ ಮತ್ತೆ ಹಿಡೀಬಹುದು. ನಾನು ಇವತ್ತೇ ಸೈನ್ ಹಾಕ್ತೀನಿ. ನೀರೆಲ್ಲಿ?"

"ಮನೆ ಓನರ್ ಆದಿಲಕ್ಷ್ಮಮ್ಮನವರನ್ನ ಕೇಳ್ತೀನಿ, ಮೇಡಂ" ಎಂದು ಮುರಳಿ ಫೋನ್ ಮಾಡಿ, ಮೇಡಂಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಅಮ್ಮಾ, ಆ ನೀರು... ಒಂದು ಲೋಟನಾದ್ರೂ ಉಳಿದಿದ್ಯಾ?"

"ಬೈಯಲ್ಲ ಅಂದ್ರೆ ಹೇಳ್ತೀನಿ" ಎಂದರು ಆದಿಲಕ್ಷ್ಮಮ್ಮ. "ನೀನು ಭಾಷಣ ಮಾಡ್ತಿದ್ದಾಗ ವಜೀರುನ್ನೀಸಾ ಹಿಂದಿಂದ ಒಂದು ಕೊಡ ತುಂಬಿಸ್ಕೊಂಡ್ಬಿಟ್ಳು."

"ನೀವೇ ನನ್ನ ದೇವರು ಅಮ್ಮಾ! ಎಲ್ಲಿದೆ ಕೊಡ?"

"ಕೊಡ ಇಲ್ಲೇ ಐತೆ. ನೀರನ್ನ ಇಬ್ರೂ ಅರ್ಧರ್ಧ ತಲೆಗೆ ಹುಯ್ಕೊಂಡ್ವಿ. ಅಬ್ಬಬ್ಬಾ, ನನ್ನ ಕೂದ್ಲು ನೋಡ್ಬೇಕು ನೀನು! ಮೂವತ್ತು ವರ್ಷದಲ್ಲಿ ಹಿಂಗೆ ಮಿರಮಿರ ಅಂದಿಲ್ಲ. ಇಡೀ ಬೀದಿ ಬಂದು ಮುಟ್ಟಿ ನೋಡ್ತೈತೆ. ನಾಳೆ ಇನ್ನೊಂದು ಬಕೆಟ್ ತರ್ತೀಯಾ ಕಣಪ್ಪ?"

ಮೇಡಂ ತೆಗೆದಿಟ್ಟಿದ್ದ ಪೆನ್ನಿನ ಕ್ಯಾಪನ್ನು ನಿಧಾನವಾಗಿ ಹಾಕಿದರು.

"ನಿಮ್ಮ ಆದಿಲಕ್ಷ್ಮಮ್ಮ ಏನು ಓದಿದ್ದಾರೆ?"

"ಏಳನೇ ಕ್ಲಾಸು, ಮೇಡಂ."

"ಛೆ" ಎಂದರು ಸಂಘಮಿತ್ರ ಮೇಡಂ. "ಎಂ.ಎಸ್ಸಿ. ಒಂದು ಆಗಿದ್ದಿದ್ರೆ ನಿನ್ನ ಸೀಟನ್ನ ಅವರಿಗೇ ಕೊಟ್ಟುಬಿಡ್ತಿದ್ದೆ."