ಚೀಟಿ ಓದಿ ಮುಟ್ಟುವ ಕಾಕಾ

ನಮ್ಮ ಕಾಕಾ ನಾಲ್ಕು ವರ್ಷ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದರು. ಕಂಪ್ಯೂಟರನ್ನು ಮುಟ್ಟಿರಲಿಲ್ಲ, ಅಷ್ಟೇ!

ಮೊರಬದಲ್ಲಿ ಗಣಿತದ ಮಾಸ್ತರರಾಗಿದ್ದ ಅವರು ಒಂದು ಬೇಸಿಗೆಯಲ್ಲಿ ಪುಣೆಗೆ ತರಬೇತಿಗೆ ಹೋದರು. ಗಾಜಿನ ಕೋಣೆಯಲ್ಲಿ ತಣ್ಣಗೆ ಕುಳಿತಿದ್ದ ಯಂತ್ರದ ದರ್ಶನವನ್ನು ಹೊರಗಿನಿಂದಲೇ ಮಾಡಿಕೊಂಡು, 'ಫಂಕ್ಷನಲ್' ಎಂಬ ಹೊಸ ಬಗೆಯ ಭಾಷೆಯೊಂದರ ಟಿಪ್ಪಣಿಗಳ ಕಟ್ಟು ಹೊತ್ತು ಬಂದರು. ಊರಲ್ಲಿ ಕರೆಂಟಿಗೇ ಗತಿಯಿಲ್ಲ. ಹಾಗಾದರೆ ಬರೆದದ್ದನ್ನು ಓಡಿಸಿ ನೋಡುವ ಯಂತ್ರ ಯಾವುದು? ನಾವು! ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತ ರಜೆಗೆ ಬರುತ್ತಿದ್ದ ಅವರ ಅಣ್ಣನ ಮಗಳು ನಾನು, ಮತ್ತು ಕಾಕಾನ ತಾಯಿ, ನಮ್ಮ ಆಯಿ.

ಆ ಭಾಷೆಯ ಮೊದಲ ಕಟ್ಟಳೆ ಇದು: ಒಂದು ಪಟ್ಟಿಯಲ್ಲಿ ಒಂದೇ ಜಾತಿಯ ಸಂಗತಿಗಳಿರಬೇಕು. ಸಂಖ್ಯೆಯಾದರೆ ಎಲ್ಲವೂ ಸಂಖ್ಯೆ, ಅಕ್ಷರವಾದರೆ ಎಲ್ಲವೂ ಅಕ್ಷರ. ಜೋಳ ಹಸನು ಮಾಡುತ್ತಿದ್ದ ಆಯಿ ಇದನ್ನು ಕೇಳಿ ತಲೆ ಎತ್ತಿದಳು.

"ಊರಾಗಿಂದು ಸಾಲಲಿಲ್ಲಂತ ಮಷಿನ್ನಿಗೂ ಜಾತಿ ಕಲಿಸಾಕತ್ತೀಯೇನಪಾ?"

"ಅದಕ್ಕಂತನ ಚೀಟಿ ಐತಿಬೇ," ಎಂದರು ಕಾಕಾ. "ಒಂದೊಂದಕ್ಕೂ ಅದು ಏನಂತ ಚೀಟಿ ಕಟ್ಟಿಬಿಟ್ರ, ಎಲ್ಲಾ ಚೀಟಿ ಕಟ್ಟಿದ ಜಾತಿನ ಆತು. ಒಂದ ಸಾಲಿನ್ಯಾಗ ಕುಂಡ್ರತಾವು."

ಚೀಟಿ ಕಟ್ಟಿದರೆ ಮುಗಿಯಲಿಲ್ಲ. ಯಾವ ಚೀಟಿ ಬಂದರೆ ಏನು ಮಾಡಬೇಕೆಂದು ಒಂದೊಂದಕ್ಕೂ ಮೊದಲೇ ಬರೆದಿಡಬೇಕು. ಒಂದನ್ನು ಬಿಟ್ಟರೂ ಆ ಭಾಷೆ ಗದರಿಸುತ್ತದಂತೆ. ಕಾಕಾ ತಲಬಾಗಿಲಿಗೇ ಒಂದು ಹಾಳೆ ಅಂಟಿಸಿದರು. ಬೀಗರು ಬಂದರೆ ಚಹಾ. ನೆರೆಯವರು ಬಂದರೆ ಮಜ್ಜಿಗೆ. ವಿದ್ಯಾರ್ಥಿ ಬಂದರೆ ಬೀಜಗಣಿತ. ಮರುದಿನ ಬಂದವನು ನವಲಗುಂದದ ಜಮಖಾನ ಮಾರುವವನು! ಹಾಳೆಯಲ್ಲಿ ಅವನಿಲ್ಲ. ಕಾಕಾ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಒಳಗೆ ನಾಲ್ಕನೆಯ ಸಾಲು ಯೋಚಿಸುತ್ತ ಕುಳಿತರು. ಮುಕ್ಕಾಲು ತಾಸಿನ ಮೇಲೆ ಬಂದು ನೋಡಿದರೆ, ಪುಣ್ಯಾತ್ಮ ಕಟ್ಟೆಯ ಮೇಲೆ ತನ್ನದೇ ಜಮಖಾನ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ.

ಕಡೆಗೂ ಒಬ್ಬ ಗೆಳೆಯರು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ, ಒಂದು ಶನಿವಾರದ ಮಟ್ಟಿಗೆ, ಕಾಕಾ ಕಂಪ್ಯೂಟರ್ ಮುಟ್ಟಲು ಅನುಮತಿ ಕೊಡಿಸಿದರು. ನಾಲ್ಕು ವರ್ಷದ ಬರಹವೆಲ್ಲ ಒಂದು ತಗಡಿನ ಪೆಟ್ಟಿಗೆ ಸೇರಿತು. ಎರಡನೆಯ ಪ್ರತಿ ಇರಲಿಲ್ಲ. ಮಳೆಗೆ ಬಸ್ಸು ನಿಂತಿದ್ದರಿಂದ ನೆರೆಮನೆಯ ಮಾಬುಸಾಬರ ಟ್ರ್ಯಾಕ್ಟರಿನಲ್ಲಿ ನವಲಗುಂದದವರೆಗೆ ಹೊರಟೆವು. ಆಯಿಗೂ ಕಣ್ಣಿನ ಡಾಕ್ಟರನ್ನು ಕಾಣುವುದಿತ್ತು. ಟ್ರೇಲರಿನಲ್ಲಿ ನಾವು ಮೂವರು, ಮಾಬುಸಾಬರ ಎರಡು ಆಡು, ಹೆಸರುಕಾಳಿನ ಚೀಲಗಳು, ಆ ಪೆಟ್ಟಿಗೆ. ಇಂಥ ಬೆರಕೆ ಪಟ್ಟಿ ಸಿಕ್ಕರೆ ಕಾಕಾ ಬಿಟ್ಟಾರೆಯೇ? ಎಲ್ಲಕ್ಕೂ ಚೀಟಿ ಕಟ್ಟಿದರು. ಆಯಿಯ ಸೆರಗಿಗೂ ಪಿನ್ನು ಚುಚ್ಚಿ 'ಮನುಷ್ಯ' ಎಂದು ಹಚ್ಚಿದರು.

"ನೋಡಿದ್ರ ಗೊತ್ತಾಗಂಗಿಲ್ಲೇನೋ?" ಎಂದಳು ಆಯಿ.

"ಅವಸರದಾಗ ಗೊತ್ತಾಗಂಗಿಲ್ಲಬೇ."

"ನನಗೂ ಅದನ್ನೊಂದು ಬರದ ಕೊಡ್ರಿ ಮಾಸ್ತರ," ಎಂದರು ಮಾಬುಸಾಬ. "ನಮ್ಮ ಮನಿಯಾಕಿಗೆ ತೋರಸ್ತೀನಿ."

ದಾರಿಯಲ್ಲಿ ಅಪಾಯ ಬಂದರೆ ಎಂದು ಮೂರು ಸಾಲಿನ ನಿಯಮವನ್ನೂ ಬರೆದು ನಮಗೆ ಓದಿ ಹೇಳಿದರು. ಮನುಷ್ಯ: ಹಿಡಿ. ಪ್ರಾಣಿ: ಹಗ್ಗ ಬಿಚ್ಚು. ಸಾಮಾನು: ಬಿಡು. ನಾನು ಬಿದ್ದು ಬಿದ್ದು ನಕ್ಕೆ.

ಹಳ್ಳದ ನಡುವೆ ಎಂಜಿನ್ ನಿಂತಿತು. ಮೇಲೆಲ್ಲೋ ಸುರಿದ ಮಳೆಯ ನೀರು ಎರಿಮಣ್ಣು ಕಲಸಿಕೊಂಡು ಕಪ್ಪಗೆ ನುಗ್ಗಿ ಬಂತು. ನೋಡನೋಡುತ್ತ ಟ್ರೇಲರಿನೊಳಗೆ ಮೊಣಕಾಲು ಮಟ್ಟ ಏರಿತು. ಮಾಬುಸಾಬ ಆಡುಗಳ ಹಗ್ಗ ಬಿಚ್ಚಿದರು. ಕಾಕಾ ಹಿಂದಿನ ತುದಿಯಲ್ಲಿದ್ದರು, ನಡುವೆ ಚೀಲಗಳ ರಾಶಿ. ಆಗ ಟ್ರೇಲರ್ ಒಂದು ಬದಿಗೆ ವಾಲಿತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಬಚ್ಚಲಲ್ಲಿ ಯಾರಾದರೂ ಕೊಡ ಸುರಿದ ಸದ್ದಾದರೂ ಸಾಕು, ಮತ್ತೆ ಅಲ್ಲೇ ನಿಂತಿರುತ್ತೇನೆ. ನನ್ನ ಎಡಕ್ಕೆ ಪೆಟ್ಟಿಗೆ ಜಾರುತ್ತಿದೆ, ಬಲಕ್ಕೆ ಆಯಿ ಜಾರುತ್ತಿದ್ದಾಳೆ. ಓದಿದ ಹುಡುಗಿಯ ಎರಡೂ ಕೈ ಹೋದದ್ದು ಎಲ್ಲಿಗೆ? ಪೆಟ್ಟಿಗೆಗೆ.

"ತಂಗಿ, ಚೀಟಿ ಓದು," ಎಂದರು ಕಾಕಾ.

"ಕಾಕಾ, ನಿಮ್ಮ ನಾಕು ವರ್ಷದ್ದು..."

"ಚೀಟಿ ಓದಂದೆ."

"ಸಾಮಾನು," ಎಂದೆ. ಬಾಯಿ ಹಾಗೆ ಅಂದದ್ದೇ ತಡ, ಕೈ ತಾನಾಗಿ ಬಿಟ್ಟಿತು. ಆಯಿಯ ರಟ್ಟೆ ಸಿಕ್ಕಿತು. ಅರೆಕ್ಷಣ ತಡವಾಗಿದ್ದರೆ ಬರೀ ಸೆರಗು ಸಿಗುತ್ತಿತ್ತು. ಅದೂ ಸಿಗುತ್ತಿತ್ತೋ ಇಲ್ಲವೋ.

ಪೆಟ್ಟಿಗೆ ತೇಲಿಹೋಗಿ ಹಳ್ಳದ ತಿರುವಿನಲ್ಲಿ ಬಾಯಿಬಿಟ್ಟು ಹಾಳೆಗಳನ್ನು ನೀರಿಗೆ ಚೆಲ್ಲಿತು. ಕಾಕಾ ಅತ್ತ ನೋಡಲೇ ಇಲ್ಲ. ಚೀಲಗಳ ಮೇಲೆ ಬೋರಲಾಗಿ ತೆವಳಿಕೊಂಡು ನಮ್ಮ ಹತ್ತಿರ ಬಂದರು. ದಂಡೆಯ ಹೊಲದವರು ಎಸೆದ ಹಗ್ಗ ಹಿಡಿದು, ಮಾಬುಸಾಬರ ಹಿಂದೆ ನಾವೂ ಮೇಲೆ ಬಂದೆವು.

ದಂಡೆ ಹತ್ತಿದ ಮೇಲೂ ಕಾಕಾನ ಒಂದು ಕೈಯಲ್ಲಿ ಆಯಿಯ ಮುಂಗೈ, ಇನ್ನೊಂದರಲ್ಲಿ ನನ್ನದು. ರಕ್ತ ನಿಲ್ಲುವಷ್ಟು ಬಿಗಿ.

"ದಂಡಿಗೆ ಬಂದೇವ್ರಿ ಕಾಕಾ. ಇನ್ನ ಬಿಡ್ರಿ," ಎಂದೆ.

ಅವರು ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿದರು. "ಹಿಡಿ ಅಂತಷ್ಟ ಬರದಿದ್ದೆ ತಂಗಿ. ಯಾವಾಗ ಬಿಡಬೇಕು ಅಂತ ಬರದಿಲ್ಲ."

ಮೊರಬದ ಅಗಸಿ ಬಾಗಿಲ ತನಕ, ಆ ಕೆಸರಿನಲ್ಲಿ, ಮೂವರೂ ಹಾಗೆಯೇ ನಡೆದೆವು.